ಜಪಾನಿ ಅನಿಮೇಷನ್ ಚಲನಚಿತ್ರಗಳು

ಜಪಾನಿನ ಅನಿಮೇಷನ್ ಚಿತ್ರಗಳನ್ನು ಹೊರಗಿನವರು 'ಅನಿಮೆ' ಎಂಬ ಒಂದೇ ಹೆಸರಿನಿಂದ ಗುರುತಿಸುತ್ತಾರೆ. ಜಪಾನೀಯರಿಗೆ ಇದು ಇಂಗ್ಲಿಷಿನ 'ಅನಿಮೇಷನ್' ಎಂಬುದರ ಮೊಟಕು ರೂಪ ಅಷ್ಟೆ. ಡಿಸ್ನಿಯ ಚಿತ್ರವೂ ಅವರ ಬಾಯಲ್ಲಿ ಅನಿಮೆಯೇ. ಈ ಪದ ರೂಢಿಗೆ ಬರುವ ಮುಂಚೆ 'ಸೆಂಗಾ ಎಯ್ಗಾ' (ಗೆರೆಚಿತ್ರದ ಸಿನಿಮಾ), 'ಮಂಗಾ ಎಯ್ಗಾ', 'ದೋಗಾ' (ಚಲಿಸುವ ಚಿತ್ರ) ಎಂಬ ಹೆಸರುಗಳಿದ್ದವು. ಟಿ.ವಿ. ಧಾರಾವಾಹಿಗಳ ಲೋಕ ಬೇರೆಯೇ ಆದದ್ದರಿಂದ ಈ ಲೇಖನದ ವ್ಯಾಪ್ತಿ ಬಹುಮಟ್ಟಿಗೆ ಚಿತ್ರಮಂದಿರಕ್ಕೆಂದು ತಯಾರಾದ ಪೂರ್ಣಾವಧಿ ಚಿತ್ರಗಳಿಗೆ ಸೀಮಿತ.

ದೊಡ್ಡ ಕಣ್ಣಿನ ಹುಡುಗಿ, ಆಕಾಶದಲ್ಲಿ ತೇಲುವ ಕೋಟೆ, ಮಾತನಾಡುವ ಬೆಕ್ಕು: ಅನಿಮೆ ಎಂದೊಡನೆ ಕಣ್ಣಿಗೆ ಕಟ್ಟುವುದು ಇವು. ಆದರೆ ಈ ಚಿತ್ರಗಳನ್ನು ಮತ್ತೆ ಮತ್ತೆ ನೋಡುವವರನ್ನು ಕೇಳಿದರೆ ಅವರು ನೆನಪಿಸಿಕೊಳ್ಳುವುದು ಮಳೆಯಲ್ಲಿ ಬಸ್ಸಿಗೆ ಕಾಯುವುದನ್ನು, ಬಾಣಲೆಗೆ ಮೊಟ್ಟೆ ಒಡೆದು ಹಾಕುವುದನ್ನು, ಮೊಣಕಾಲೂರಿ ನೆಲ ಒರೆಸುವುದನ್ನು. ದಿನದ ಕೆಲಸಬೊಗಸೆಯನ್ನು ಇಷ್ಟು ಶ್ರದ್ಧೆಯಿಂದ ಬಿಡಿಸಿದ ಅನಿಮೇಷನ್ ಪರಂಪರೆ ಇನ್ನೊಂದಿಲ್ಲ. ನೆಲ ಒರೆಸುವ ಬಟ್ಟೆ ನಿಜವೆನಿಸಿದ ಮೇಲೆ ಅದೇ ಜಗುಲಿಗೆ ಬಂದು ನಿಲ್ಲುವ ಭೂತವನ್ನೂ ಪ್ರೇಕ್ಷಕ ನಂಬಿಬಿಡುತ್ತಾನೆ.

ಬೆಳೆದು ಬಂದ ದಾರಿ

ಉಳಿದುಬಂದಿರುವ ಅತ್ಯಂತ ಹಳೆಯ ಜಪಾನಿ ಅನಿಮೇಷನ್ 1917ರದು. ಜುನ್‌ಇಚಿ ಕೌಚಿ ತಯಾರಿಸಿದ 'ನಮಾಕುರಾ ಗತಾನಾ' ಎಂಬ ಕೆಲವೇ ನಿಮಿಷಗಳ ಹಾಸ್ಯಚಿತ್ರ. ಮೊಂಡು ಕತ್ತಿ ಕೊಂಡು ಪೇಚಿಗೆ ಸಿಕ್ಕಿದ ಸಮುರಾಯಿಯ ಕಥೆ. ಆ ಕಾಲದ ಬಹುತೇಕ ಚಿತ್ರಗಳು 1923ರ ಕಾಂತೊ ಭೂಕಂಪದಲ್ಲೂ ಮುಂದಿನ ಯುದ್ಧದಲ್ಲೂ ನಾಶವಾದವು. ಇದೊಂದು ಒಸಾಕಾದ ಹಳೆಯ ವಸ್ತುಗಳ ಸಂತೆಯಲ್ಲಿ ಸಿಕ್ಕಿ 2008ರಲ್ಲಿ ಮತ್ತೆ ಬೆಳಕು ಕಂಡಿತು.

ಮೊದಲ ಪೂರ್ಣಾವಧಿ ಚಿತ್ರ 1945ರ 'ಮೊಮೊತಾರೊ: ಸಮುದ್ರದ ದಿವ್ಯ ಸೈನಿಕರು'. ಹಣ ಕೊಟ್ಟದ್ದು ಜಪಾನಿ ನೌಕಾಪಡೆ, ನಿರ್ದೇಶಕ ಮಿತ್ಸುಯೊ ಸೆಯೊ. ಸೋಲು ಬಾಗಿಲಿಗೆ ಬಂದಿದ್ದಾಗ ತೆರೆಕಂಡ ಈ ಪ್ರಚಾರಚಿತ್ರವನ್ನು ಒಸಾಕಾದ ಖಾಲಿ ಥಿಯೇಟರಿನಲ್ಲಿ ಹದಿಹರೆಯದ ಒಸಾಮು ತೆಜುಕಾ ನೋಡಿದ, ತಾನೂ ಒಂದು ದಿನ ಅನಿಮೇಷನ್ ಮಾಡಬೇಕೆಂದು ಅಲ್ಲೇ ನಿಶ್ಚಯಿಸಿದ. ಮುಂದೆ ಆತ 'ತೆತ್ಸುವಾನ್ ಆತೊಮು' ಅಂದರೆ 'ಆಸ್ಟ್ರೋ ಬಾಯ್' ಧಾರಾವಾಹಿಯನ್ನು 1963ರ ಜನವರಿ 1ರಿಂದ ಪ್ರಸಾರಕ್ಕೆ ತಂದ. ವಾರಕ್ಕೆ ಅರ್ಧ ಗಂಟೆಯ ಕಂತನ್ನು ಮುಗಿಸಬೇಕಾದ ಒತ್ತಡದಲ್ಲಿ ಚಿತ್ರಗಳ ಸಂಖ್ಯೆ ಇಳಿಯಿತು. ತುಟಿ ಮಾತ್ರ ಅಲ್ಲಾಡುವುದು, ನಿಂತ ಚಿತ್ರದ ಮೇಲೆ ಕ್ಯಾಮೆರಾ ಸರಿಯುವುದು ರೂಢಿಗೆ ಬಂದವು. ಬಡತನದಿಂದ ಹುಟ್ಟಿದ ಈ ಉಪಾಯವೇ ಬರಬರುತ್ತ ಒಂದು ಶೈಲಿಯಾಯಿತು; ಚಲನೆಯಷ್ಟೇ ನಿಲುಗಡೆಯೂ ಮಾತನಾಡಬಲ್ಲದು ಎಂಬುದನ್ನು ಜಪಾನಿ ಕಲಾವಿದರು ಕಲಿತದ್ದು ಇಲ್ಲಿಯೇ.

ಸಿನಿಮಾದ ಕವಲು ತೊಯೆಯ್ ದೋಗಾ ಸಂಸ್ಥೆಯದು. 1956ರಲ್ಲಿ ಆರಂಭವಾದ ಈ ಸ್ಟುಡಿಯೊ 1958ರಲ್ಲಿ ಜಪಾನಿನ ಮೊದಲ ವರ್ಣರಂಜಿತ ಪೂರ್ಣಾವಧಿ ಅನಿಮೇಷನ್ 'ಹಕುಜಾದೆನ್' ತೆರೆಗೆ ತಂದಿತು. ಚೀನಾದ ಬಿಳಿ ಸರ್ಪದ ಕಥೆ ಅದು. ಹೈಸ್ಕೂಲು ಓದುತ್ತಿದ್ದ ಹಯಾವೊ ಮಿಯಾಜಾಕಿ ಅದರ ನಾಯಕಿಗೆ ಮನಸೋತ. 1963ರಲ್ಲಿ ಅದೇ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದ. ಅವನಿಗಿಂತ ಐದಾರು ವರ್ಷ ಹಿರಿಯನಾದ ಇಸಾವೊ ತಕಹಾತಾ ಅಲ್ಲಿ ಮೊದಲೇ ಇದ್ದ. ತಕಹಾತಾ ನಿರ್ದೇಶಿಸಿದ 1968ರ 'ಹೊರುಸ್' ಚಿತ್ರದಲ್ಲಿ ಇಬ್ಬರೂ ಕೂಡಿ ದುಡಿದರು. 1974ರ 'ಹೈಡಿ' ಧಾರಾವಾಹಿಯಲ್ಲಿ ಆಲ್ಪ್ಸ್ ಬೆಟ್ಟದ ಹುಡುಗಿ ಕೆಂಡದ ಮೇಲೆ ಕರಗುವ ಚೀಸನ್ನು ಕಾಯುತ್ತ ಕೂರುವುದನ್ನು ಅವಸರವಿಲ್ಲದೆ ತೋರಿಸಿದರು. ದಿನಚರಿಯೇ ಕಥೆಯಾಗಬಲ್ಲದು ಎಂಬ ಪಾಠ ಗಟ್ಟಿಯಾದದ್ದು ಆ ಧಾರಾವಾಹಿಯಲ್ಲಿ.

1984ರ 'ನೌಸಿಕಾ' ಗೆದ್ದ ಬೆನ್ನಿಗೆ, 1985ರಲ್ಲಿ ಮಿಯಾಜಾಕಿ, ತಕಹಾತಾ, ನಿರ್ಮಾಪಕ ತೊಶಿಯೊ ಸುಜುಕಿ ಸೇರಿ ಸ್ಟುಡಿಯೊ ಘಿಬ್ಲಿ ಕಟ್ಟಿದರು. ಸಹಾರಾ ಮರುಭೂಮಿಯ ಬಿಸಿಗಾಳಿಗೂ ಇಟಲಿಯ ಒಂದು ವಿಮಾನಕ್ಕೂ ಇದ್ದ ಹೆಸರು ಅದು. ಜಪಾನೀಯರು ಅದನ್ನು 'ಜಿಬುರಿ' ಎನ್ನುತ್ತಾರೆ. ಇಟಾಲಿಯನ್ ಉಚ್ಚಾರಣೆಗೆ ಅದು ತಪ್ಪೇ. ಆದರೆ ಇಟ್ಟವರೇ ಹಾಗೆ ಕರೆದಿರುವಾಗ ತಿದ್ದುವವರು ಯಾರು?

ಒಂದೇ ಟಿಕೆಟ್ಟಿಗೆ ಎರಡು ಚಿತ್ರ

1988ರ ಏಪ್ರಿಲ್ 16ರಂದು ಘಿಬ್ಲಿ ಎರಡು ಚಿತ್ರಗಳನ್ನು ಜೋಡಿಯಾಗಿ ಬಿಡುಗಡೆ ಮಾಡಿತು: ಮಿಯಾಜಾಕಿಯ 'ಮೈ ನೇಬರ್ ಟೊಟೊರೊ', ತಕಹಾತಾನ 'ಗ್ರೇವ್ ಆಫ್ ದ ಫೈರ್‌ಫ್ಲೈಸ್'. ಟೊಟೊರೊ ಒಂದನ್ನೇ ನಂಬಿ ಹಣ ಹಾಕಲು ಯಾರೂ ಮುಂದೆ ಬರಲಿಲ್ಲ. ಮಿಂಚುಹುಳುಗಳ ಕಥೆಗೆ ಮೂಲ ಕೃತಿಯ ಪ್ರಕಾಶಕರಾದ ಶಿಂಚೋಶಾ ಸಂಸ್ಥೆ ಬಂಡವಾಳ ಹೂಡಿದ್ದರಿಂದ ಎರಡೂ ದಡ ಸೇರಿದವು. ಈ ಇಡೀ ಪರಂಪರೆಯ ಸೆಳೆತವನ್ನು ಅರಿಯಲು ಈ ಎರಡು ಚಿತ್ರ ನೋಡಿದರೂ ಸಾಕಾಗಬಹುದು.

ಟೊಟೊರೊದಲ್ಲಿ ಕಥೆ ಎನ್ನುವಂಥದ್ದು ಕಡಿಮೆ. 1950ರ ದಶಕದ ಒಂದು ಹಳ್ಳಿ. ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಅಪ್ಪನೊಡನೆ ಇಬ್ಬರು ಹೆಣ್ಣುಮಕ್ಕಳು ಹಳೆಯ ಮನೆಗೆ ಬಂದಿಳಿಯುತ್ತಾರೆ. ಹಿತ್ತಲ ಕಾಡಿನ ಕರ್ಪೂರದ ಮರದಲ್ಲಿ ಟೊಟೊರೊ ಎಂಬ ದೊಡ್ಡ ಜೀವಿಯಿದೆ. ಅದು ಯಾರನ್ನೂ ಕಾಪಾಡಲು ಬಂದ ದೇವರಲ್ಲ, ಮಾತೂ ಆಡುವುದಿಲ್ಲ, ಸುಮ್ಮನೆ ಅಲ್ಲಿ ಇದೆ.

ಬಸ್ ನಿಲ್ದಾಣದ ದೃಶ್ಯವನ್ನೇ ತೆಗೆದುಕೊಳ್ಳಿ. ಕತ್ತಲಾಗುತ್ತಿದೆ, ಮಳೆ ಹಿಡಿದಿದೆ. ಅಪ್ಪ ಕೊಡೆ ಬಿಟ್ಟುಹೋಗಿದ್ದಾನೆಂದು ಅಕ್ಕ ಸತ್ಸುಕಿ ತಂಗಿಯನ್ನು ಕರೆದುಕೊಂಡು ಬಂದು ಕಾಯುತ್ತಾಳೆ. ಒಂದು ಬಸ್ಸು ಬರುತ್ತದೆ, ಅಪ್ಪ ಇಳಿಯುವುದಿಲ್ಲ. ತಂಗಿ ಮೆಯ್ ನಿಂತಲ್ಲೇ ತೂಕಡಿಸುತ್ತಾಳೆ, ಅಕ್ಕ ಬೆನ್ನಿಗೆ ಹಾಕಿಕೊಳ್ಳುತ್ತಾಳೆ. ಕಂಬದ ದೀಪ ಹೊತ್ತುತ್ತದೆ. ಕಪ್ಪೆಯೊಂದು ರಸ್ತೆ ಬದಿಯಲ್ಲಿ ನಿಧಾನ ಸರಿಯುತ್ತದೆ. ಇಷ್ಟಾದ ಮೇಲೆ, ಕೊಡೆಯ ಅಂಚಿನಡಿಯಿಂದ, ಉಗುರಿರುವ ದೊಡ್ಡ ಪಾದವೊಂದು ಕಾಣುತ್ತದೆ. ಟೊಟೊರೊನ ತಲೆಯ ಮೇಲೆ ಒಂದೇ ಒಂದು ಎಲೆ. ಸತ್ಸುಕಿ ಅಪ್ಪನ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಮರದಿಂದ ತೊಟ್ಟಿಕ್ಕಿದ ಹನಿ ಕೊಡೆಯ ಮೇಲೆ ಟಪ್ಪೆನ್ನುತ್ತದೆ, ಟೊಟೊರೊನ ಕಣ್ಣರಳುತ್ತದೆ. ಇನ್ನೊಂದು ಹನಿ. ಆ ಸದ್ದಿನ ಖುಷಿಗೆ ಅದು ಎಗರಿ ನೆಲಕ್ಕೆ ಬಿದ್ದಾಗ ಕಾಡಿನ ಮರಗಳಲ್ಲಿದ್ದ ನೀರೆಲ್ಲ ಒಮ್ಮೆಲೇ ಸುರಿಯುತ್ತದೆ. ಇಷ್ಟೆ. ಇದರಿಂದ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ, ಮತ್ತು ಚಿತ್ರ ನೋಡಿದ ಯಾರೂ ಇದನ್ನು ಮರೆಯುವುದಿಲ್ಲ.

ಅದೇ ಟಿಕೆಟ್ಟಿನ ಇನ್ನೊಂದು ಚಿತ್ರದಲ್ಲಿ 1945ರ ಕೋಬೆ ನಗರ ಬಾಂಬಿನ ಬೆಂಕಿಯಲ್ಲಿ ಉರಿಯುತ್ತದೆ. ಹದಿನಾಲ್ಕರ ಸೆಯ್ತಾ, ನಾಲ್ಕರ ತಂಗಿ ಸೆತ್ಸುಕೊ ತಾಯಿಯನ್ನು ಕಳೆದುಕೊಂಡು, ನೆಂಟರ ಮನೆಯ ಮಾತು ಸಹಿಸಲಾಗದೆ, ಕೆರೆಯ ದಂಡೆಯ ಬಾಂಬ್ ಅಡಗುತಾಣದಲ್ಲಿ ಸಂಸಾರ ಹೂಡುತ್ತಾರೆ. ಅಣ್ಣ ಸಾಯುತ್ತಾನೆಂಬುದು ಮೊದಲ ದೃಶ್ಯದಲ್ಲೇ ಗೊತ್ತಾಗುತ್ತದೆ. ಕಥೆ ಹೇಳುತ್ತಿರುವುದೇ ಅವನ ಪ್ರೇತ. ಹಣ್ಣಿನ ಪೆಪ್ಪರಮೆಂಟಿನ ತಗಡಿನ ಡಬ್ಬಿಯೊಂದು ಚಿತ್ರದುದ್ದಕ್ಕೂ ಬರುತ್ತದೆ. ಪೆಪ್ಪರಮೆಂಟು ಮುಗಿದ ಮೇಲೆ ಅದಕ್ಕೆ ನೀರು ಹಾಕಿ ಕುಲುಕಿ ಆ ಸಿಹಿನೀರನ್ನು ಕುಡಿಯುತ್ತಾರೆ. ಕೊನೆಗೆ ಅದೇ ಡಬ್ಬಿಯಲ್ಲಿ ತಂಗಿಯ ಮೂಳೆಗಳು. ಅಕಿಯುಕಿ ನೊಸಾಕಾ 1967ರಲ್ಲಿ ಬರೆದ ಕಥೆ ಇದು. ತಂಗಿಯನ್ನು ಹಸಿವಿಗೆ ಕಳೆದುಕೊಂಡ ಆತನ ಸ್ವಂತ ಪಾಪಪ್ರಜ್ಞೆ ಅದರ ಮೂಲ. ತಕಹಾತಾ ಕೂಡ ಒಂಬತ್ತನೆಯ ವಯಸ್ಸಿನಲ್ಲಿ ಒಕಾಯಾಮಾ ನಗರದ ಬಾಂಬ್ ದಾಳಿಯಲ್ಲಿ ಓಡಿ ಬದುಕಿದವನು. ಇದನ್ನು ಯುದ್ಧವಿರೋಧಿ ಚಿತ್ರ ಎಂದು ಕರೆದಾಗಲೆಲ್ಲ ಆತ ಒಪ್ಪುತ್ತಿರಲಿಲ್ಲ. ಸಮಾಜದಿಂದ ಸಿಡಿದು ಇಬ್ಬರೇ ಬಾಳಲು ಹೊರಟ ಮಕ್ಕಳ ಸೋಲನ್ನು ಆತ ತೋರಿಸಹೊರಟಿದ್ದ. ಪ್ರೇಕ್ಷಕರು ಆತನ ಮಾತಿಗೆ ಅಷ್ಟಾಗಿ ಕಿವಿಗೊಟ್ಟಂತಿಲ್ಲ.

ಥಿಯೇಟರುಗಳಲ್ಲಿ ಈ ಜೋಡಿ ಹೇಳಿಕೊಳ್ಳುವಂಥ ಗಳಿಕೆ ಕಾಣಲಿಲ್ಲ. ಟೊಟೊರೊ ಮನೆಮಾತಾದದ್ದು ಆಮೇಲೆ, ಟಿ.ವಿ. ಪ್ರಸಾರದಿಂದ ಮತ್ತು ಮೆತ್ತನೆಯ ಗೊಂಬೆಗಳಿಂದ. ಇಂದು ಸ್ಟುಡಿಯೊದ ಲಾಂಛನವೇ ಟೊಟೊರೊ. ಆ ಚಿತ್ರಕ್ಕೆ ಪ್ರೇರಣೆಯಾದ ಸಯಾಮಾ ಗುಡ್ಡಗಳ ಕಾಡನ್ನು ನಿವೇಶನ ಮಾಡಿ ಮಾರುವವರಿಂದ ಉಳಿಸಿಕೊಳ್ಳಲು ಸಾರ್ವಜನಿಕರು ಚಂದಾ ಎತ್ತಿ, 1991ರಿಂದ ತುಂಡು ತುಂಡಾಗಿ ಜಾಗ ಕೊಂಡು 'ಟೊಟೊರೊ ಕಾಡು' ಎಂದು ಹೆಸರಿಟ್ಟಿದ್ದಾರೆ.

'ಮಾ' ಎಂಬ ಬಿಡುವು

2002ರಲ್ಲಿ ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್, ಪಾತ್ರಗಳು ಸುಮ್ಮನೆ ಕೂತು ನಿಟ್ಟುಸಿರು ಬಿಡುವ ದೃಶ್ಯಗಳ ಬಗ್ಗೆ ಮಿಯಾಜಾಕಿಯನ್ನು ಕೇಳಿದ. ಮಿಯಾಜಾಕಿ ಮೂರ್ನಾಲ್ಕು ಸಲ ಚಪ್ಪಾಳೆ ತಟ್ಟಿ, ಒಂದು ಚಪ್ಪಾಳೆಗೂ ಇನ್ನೊಂದಕ್ಕೂ ನಡುವೆ ಇರುವುದೇ 'ಮಾ' ಎಂದು ವಿವರಿಸಿದ. ನೋ ನಾಟಕ, ವಾಸ್ತು, ಸಂಗೀತ ಎಲ್ಲದರಲ್ಲೂ ಜಪಾನೀಯರು ಬಳಸುವ ಪದ ಇದು: ಬೇಕೆಂದೇ ಬಿಟ್ಟ ತೆರವು. ತಾಳದಲ್ಲಿ ಪೆಟ್ಟಿನಷ್ಟೇ ಹುಸಿಗೂ ಲೆಕ್ಕವಿದೆ ಎಂಬುದನ್ನು ಬಲ್ಲ ಸಂಗೀತಪ್ರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

'ಸ್ಪಿರಿಟೆಡ್ ಅವೇ' (2001) ಚಿತ್ರದ ರೈಲು ಪ್ರಯಾಣ ಇದಕ್ಕೆ ಒಳ್ಳೆಯ ಉದಾಹರಣೆ. ಕಥೆ ಬಿಗಿಯಾಗಿರುವ ಹೊತ್ತು. ಬೇರೊಬ್ಬ ನಿರ್ದೇಶಕನಾದರೆ ಕಥೆಯ ಕುದುರೆ ಓಡಿಸಿಬಿಡುತ್ತಿದ್ದ. ಇಲ್ಲಿ ಹತ್ತು ವರ್ಷದ ಚಿಹಿರೊ, ಮುಖವಾಡದ ಪ್ರೇತವೊಂದನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀರಿನ ಮೇಲೆ ಹಾಸಿದ ಹಳಿಯಲ್ಲಿ ನಿಮಿಷಗಟ್ಟಲೆ ಸುಮ್ಮನೆ ಸಾಗುತ್ತಾಳೆ. ನೆರಳಿನಂಥ ಪ್ರಯಾಣಿಕರು ಒಂದೊಂದು ನಿಲ್ದಾಣದಲ್ಲಿ ಇಳಿದುಹೋಗುತ್ತಾರೆ. ಹೊರಗೆ ಕತ್ತಲಾಗುತ್ತದೆ. ಜೋ ಹಿಸಾಯಿಶಿಯ ಪಿಯಾನೊ ಬಿಟ್ಟರೆ ಬೇರೆ ಸದ್ದು ಹೆಚ್ಚಿಲ್ಲ. 'ನೌಸಿಕಾ'ದಿಂದ ಹಿಡಿದು ಮಿಯಾಜಾಕಿಯ ಎಲ್ಲ ಚಿತ್ರಗಳಿಗೂ ಸಂಗೀತ ಹಿಸಾಯಿಶಿಯದೇ. ಈ ಚಿತ್ರಗಳ ಅರ್ಧ ಮಾಯೆ ಆತನದು ಎಂದರೂ ಹೆಚ್ಚಾಗದು.

ಬಿಡುವಿನ ಜೊತೆಗೇ ಬರುವ ಇನ್ನೊಂದು ಭಾವ 'ಮೊನೊ ನೊ ಅವಾರೆ'. ಇದ್ದದ್ದು ಇರಲಾರದು ಎಂಬ ಅರಿವಿನಲ್ಲಿ ಅರಳುವ ಮೆದು ವಿಷಾದ ಅದು. ಹದಿನೆಂಟನೆಯ ಶತಮಾನದ ಪಂಡಿತ ಮೊತೊಓರಿ ನೊರಿನಾಗಾ ಇದನ್ನು ಜಪಾನಿ ಸಾಹಿತ್ಯದ ಜೀವಾಳವೆಂದು ಎತ್ತಿ ಹಿಡಿದ. ತಕಹಾತಾನ ಕೊನೆಯ ಚಿತ್ರ 'ಕಗುಯಾ ರಾಜಕುಮಾರಿಯ ಕಥೆ' (2013) ಪೂರ್ತಿ ಈ ಭಾವದ್ದೇ. ಬಿದಿರಿನಲ್ಲಿ ಸಿಕ್ಕ ಮಗು ಬೆಳೆದು, ಚಂದ್ರಲೋಕಕ್ಕೆ ಮರಳಲೇಬೇಕಾದಾಗ ಭೂಮಿಯ ಕೊಳೆ, ಹುಲ್ಲು, ಹುಳುಗಳಿಗಾಗಿ ಹಂಬಲಿಸುತ್ತದೆ. ಹಾಳೆಯ ಅಂಚುಗಳನ್ನು ಬಿಳಿಯಾಗಿಯೇ ಬಿಟ್ಟು ಇದ್ದಿಲು ಮತ್ತು ನೀರುಬಣ್ಣದ ಹಾಗೆ ಬಿಡಿಸಿದ ಈ ಚಿತ್ರಕ್ಕೆ ಎಂಟು ವರ್ಷ ಹಿಡಿಯಿತು. ಗಳಿಕೆ ಖರ್ಚನ್ನು ಮುಟ್ಟಲಿಲ್ಲ. ಘಿಬ್ಲಿಯ ಅತ್ಯುತ್ತಮ ಚಿತ್ರ ಯಾವುದೆಂದು ಹಟ ಹಿಡಿದು ಕೇಳಿದರೆ ಈ ಲೇಖಕನ ಉತ್ತರ ಇದೇ.

ಕಾಡು, ನದಿ, ದೈವ

ಶಿಂತೊ ನಂಬಿಕೆಯಲ್ಲಿ ದೈವಗಳ ಸಂಖ್ಯೆ ಎಂಟು ದಶಲಕ್ಷ, ಅಂದರೆ ಲೆಕ್ಕವಿಲ್ಲದಷ್ಟು. ಮರ, ಬಂಡೆ, ಹಳ್ಳ, ಹಳೆಯ ಕೊಡೆ ಯಾವುದರಲ್ಲೂ 'ಕಾಮಿ' ಇರಬಹುದು. ಹುಲ್ಲಿನ ಹಗ್ಗ ಸುತ್ತಿದ ಮರವನ್ನು ಯಾರೂ ಕಡಿಯುವುದಿಲ್ಲ. ನಾಗಬನವನ್ನು ಕಂಡ ಕರಾವಳಿಯವರಿಗೆ ಈ ಭಯಭಕ್ತಿ ಅಪರಿಚಿತವೇನಲ್ಲ. ಈ ದೈವಗಳು ಒಳ್ಳೆಯವೂ ಅಲ್ಲ ಕೆಟ್ಟವೂ ಅಲ್ಲ. ಕೆಣಕಿದರೆ ಕೆರಳುತ್ತವೆ, ಮರೆತರೆ ಕೊರಗುತ್ತವೆ.

ಸ್ಪಿರಿಟೆಡ್ ಅವೇಯಲ್ಲಿ ಚಿಹಿರೊ ಕೆಲಸಕ್ಕಿರುವ, ದೈವಗಳು ಬಂದು ಮೀಯುವ ಸ್ನಾನಗೃಹಕ್ಕೆ ಒಂದು ದಿನ ಕೆಸರಿನ ಮುದ್ದೆಯಂಥ ದೈವ ಬರುತ್ತದೆ; ನಾತಕ್ಕೆ ಎಲ್ಲರೂ ಓಡುತ್ತಾರೆ. ಚಿಹಿರೊ ಅದರ ಪಕ್ಕೆಗೆ ಚುಚ್ಚಿಕೊಂಡ ಏನನ್ನೋ ಹಿಡಿದೆಳೆದರೆ ಬರುವುದು ಸೈಕಲ್ಲಿನ ಹ್ಯಾಂಡಲ್. ಅದರ ಹಿಂದೆ ರಾಶಿ ರಾಶಿ ಕಸ. ಎಲ್ಲ ಹೊರಬಿದ್ದ ಮೇಲೆ ಗೊತ್ತಾಗುತ್ತದೆ: ಇದು ಕೊಳಕು ದೈವವಲ್ಲ, ಮನುಷ್ಯರು ಕೊಳಕಾಗಿಸಿದ ನದಿ. ಮಿಯಾಜಾಕಿ ತನ್ನ ಮನೆಯ ಹತ್ತಿರದ ಹೊಳೆಯನ್ನು ಊರವರ ಜೊತೆ ಶುಚಿಮಾಡುವಾಗ ನಿಜವಾಗಿಯೂ ಸೈಕಲ್ ಎಳೆದು ತೆಗೆದದ್ದುಂಟು. ಅದೇ ಚಿತ್ರದ ಹಕು ಎಂಬ ಹುಡುಗ ತನ್ನ ಹೆಸರನ್ನು ಮರೆತ ನದಿ. ಅದನ್ನು ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ, ಹಿಂದಿರುಗಲು ಅವನಿಗೆ ಮನೆಯೇ ಇಲ್ಲ. ಕೆರೆಗಳ ಮೇಲೆ ಬಡಾವಣೆ ಎದ್ದಿರುವ ಬೆಂಗಳೂರಿನವರಿಗೆ ಈ ಜಾಗದಲ್ಲಿ ಬೇರೆ ಟಿಪ್ಪಣಿ ಬೇಡ.

'ನೌಸಿಕಾ'ದ ವಿಷಕಾಡಿನ ಹಿಂದೆ ಮಿನಮಾತಾ ಕೊಲ್ಲಿಯ ಪಾದರಸ ದುರಂತದ ನೆನಪಿದೆ. ತಕಹಾತಾನ 'ಪೊಂಪೊಕೊ' (1994) ಟೋಕಿಯೊ ಹೊರವಲಯದ ತಾಮಾ ಗುಡ್ಡಗಳನ್ನು ಕಡಿದು ಉಪನಗರ ಕಟ್ಟಿದ್ದನ್ನು ತನುಕಿ ಎಂಬ ಕಾಡುಪ್ರಾಣಿಗಳ ಕಣ್ಣಿನಿಂದ ತೋರಿಸುತ್ತದೆ. ನಗಿಸುತ್ತಲೇ ಕರುಳು ಹಿಂಡುವ ಚಿತ್ರ.

ಎಲ್ಲಕ್ಕಿಂತ ಜಟಿಲವಾದದ್ದು 'ಪ್ರಿನ್ಸೆಸ್ ಮೊನೊನೊಕೆ' (1997). ಮುರೊಮಾಚಿ ಕಾಲದ ಕಥೆ. ಕಬ್ಬಿಣ ಕರಗಿಸುವ ಊರಿನ ಒಡತಿ ಎಬೊಶಿ ಇದ್ದಿಲಿಗಾಗಿ ಕಾಡು ಕಡಿಯುತ್ತಾಳೆ, ದೈವಗಳಿಗೆ ಗುಂಡು ಹಾರಿಸುತ್ತಾಳೆ. ಆದರೆ ಸೂಳೆಗೇರಿಗೆ ಮಾರಿಹೋದ ಹೆಣ್ಣುಗಳನ್ನು ಬಿಡಿಸಿ ತಂದು ಕೆಲಸ ಕೊಟ್ಟವಳೂ, ಕುಷ್ಠರೋಗಿಗಳ ಹುಣ್ಣು ತೊಳೆದವಳೂ ಅವಳೇ. ತೋಳಗಳ ನಡುವೆ ಬೆಳೆದ ಸಾನ್ ಅವಳನ್ನು ಕೊಲ್ಲಲು ಬರುತ್ತಾಳೆ, ಅವಳ ಕೋಪವೂ ನ್ಯಾಯವೇ. ನಡುವೆ ಸಿಕ್ಕಿಕೊಂಡ ಅಶಿತಾಕಾ ಯಾರ ಪಕ್ಷ? ಚಿತ್ರ ಉತ್ತರ ಕೊಡುವುದಿಲ್ಲ. ಕೊನೆಯಲ್ಲಿ ಮದುವೆಯಿಲ್ಲ, ಶುಭಂ ಇಲ್ಲ. ಅವಳು ಕಾಡಿಗೆ, ಅವನು ಊರಿಗೆ. ಸುಮಾರು 1,44,000 ಸೆಲ್ ಹಾಳೆಗಳ ಈ ಚಿತ್ರದಲ್ಲಿ ಹತ್ತಾರು ಸಾವಿರವನ್ನು ಮಿಯಾಜಾಕಿ ಕೂತು ತಾನೇ ತಿದ್ದಿದ.

ಖಳನಿಲ್ಲದೆ ಕಥೆ ನಡೆಸುವುದು ಮಿಯಾಜಾಕಿಯ ಅಭ್ಯಾಸ. ಸ್ಪಿರಿಟೆಡ್ ಅವೇಯ ಸ್ನಾನಗೃಹದ ಒಡತಿ ಯುಬಾಬಾ ದುರಾಸೆಯ ಮುದುಕಿ. ಆದರೆ ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಮಗುವೆಂದರೆ ಪ್ರಾಣ. 'ಕಿಕೀಸ್ ಡೆಲಿವರಿ ಸರ್ವಿಸ್'ನಲ್ಲಂತೂ (1989) ಕೆಟ್ಟವರೇ ಇಲ್ಲ. ಹದಿಮೂರರ ಮಾಟಗಾತಿ ಹುಡುಗಿ ಪೊರಕೆಯ ಮೇಲೆ ಸಾಮಾನು ತಲುಪಿಸಿ ಬದುಕು ಕಟ್ಟಿಕೊಳ್ಳುತ್ತಾಳೆ. ಒಂದು ದಿನ ಕಾರಣವಿಲ್ಲದೆ ಹಾರಲಾಗದೆ ಕೂರುತ್ತಾಳೆ. ಅವಳ ಶತ್ರು ಮನಸ್ಸಿನ ಬೇಸರ ಒಂದೇ. ಈ ಹುಡುಗಿಯರು ರಾಜಕುಮಾರನಿಗೆ ಕಾಯುವವರಲ್ಲ, ದುಡಿಯುವವರು. ತಾಯ್ತಂದೆ ದೂರವಿದ್ದಾಗ, ಕಾಯಿಲೆ ಬಿದ್ದಾಗ, ಚಿಹಿರೊಳ ಅಪ್ಪ ಅಮ್ಮನ ಹಾಗೆ ಹಂದಿಗಳಾಗಿ ಹೋದಾಗ ಅವರಿಗೆ ಮೊದಲು ಸಿಗುವುದು ಕೆಲಸ. ಧೈರ್ಯ ಆ ಕೆಲಸದ ಹಿಂದೆ ಬರುತ್ತದೆ. ಚಿಹಿರೊ ಹಕು ಕೊಟ್ಟ ಅನ್ನದ ಉಂಡೆ ಕಚ್ಚಿ, ಎರಡು ತುತ್ತಾದ ಮೇಲೆ ಬಿಕ್ಕಿ ಬಿಕ್ಕಿ ಅಳುವ ದೃಶ್ಯದಲ್ಲಿ ಹಸಿವು, ಸಂಕಟ, ಯಾರೋ ಒಬ್ಬರು ಊಟ ಕೊಟ್ಟರೆಂಬ ಸಮಾಧಾನ ಮೂರೂ ಒಟ್ಟಿಗಿವೆ.

ಯುದ್ಧ, ಭೂಕಂಪ, ನೆನಪು

ಎರಡು ಅಣುಬಾಂಬು, ಸುಟ್ಟುಹೋದ ಹತ್ತಾರು ನಗರಗಳು, ಅಡಿಗಡಿಗೆ ನಡುಗುವ ನೆಲ: ಜಪಾನಿ ಅನಿಮೇಷನ್ನಿನಲ್ಲಿ ನಗರ ನಾಶವಾಗುವ ದೃಶ್ಯ ಇಷ್ಟು ಸಲ ಬರುವುದಕ್ಕೆ ಕಾರಣ ಹುಡುಕಬೇಕಿಲ್ಲ. ಆರನೆಯ ವಯಸ್ಸಿನಲ್ಲಿ ಹಿರೋಶಿಮಾದ ಬಾಂಬಿಗೆ ಸಿಕ್ಕಿ ಬದುಕಿದ ಕೆಯ್ಜಿ ನಕಜಾವಾನ ಕಾಮಿಕ್ಸ್ ಆಧರಿಸಿದ 'ಬೇರ್‌ಫೂಟ್ ಗೆನ್' (1983) ಏನನ್ನೂ ಮರೆಮಾಡುವುದಿಲ್ಲ. ಕತ್ಸುಹಿರೊ ಓತೊಮೊನ 'ಅಕಿರಾ' (1988) ಸ್ಫೋಟದಿಂದಲೇ ಆರಂಭವಾಗುತ್ತದೆ. 2019ರ ನವ ಟೋಕಿಯೊದಲ್ಲಿ ಬೈಕ್ ಓಡಿಸುವ ಪುಂಡ ಹುಡುಗರ ಹಿಂದೆ ದೀಪದ ಗೆರೆಗಳು ಎಳೆದುಕೊಂಡು ಹೋಗುತ್ತವೆ. ಅನಿಮೇಷನ್ ಮಕ್ಕಳಿಗೆ ಎಂಬ ಪಾಶ್ಚಾತ್ಯರ ಎಣಿಕೆಯನ್ನು ಮುರಿದ ಚಿತ್ರ ಅದು. 2020ಕ್ಕೆ ಟೋಕಿಯೊದಲ್ಲಿ ಒಲಿಂಪಿಕ್ಸ್ ಎಂದು ಅದರಲ್ಲಿ ಬರೆದದ್ದು ಕಾಲು ಶತಮಾನದ ಮೇಲೆ ನಿಜಕ್ಕೂ ನಿಗದಿಯಾದದ್ದು ಬರೀ ಕಾಕತಾಳೀಯ.

ಸುನಾವೊ ಕತಾಬುಚಿಯ 'ಇನ್ ದಿಸ್ ಕಾರ್ನರ್ ಆಫ್ ದ ವರ್ಲ್ಡ್' (2016) ಇದೇ ಯುದ್ಧವನ್ನು ಒಲೆಯ ಮುಂದಿನಿಂದ ನೋಡುತ್ತದೆ. ಕುರೆ ಎಂಬ ನೌಕಾಪಡೆಯ ಊರಿಗೆ ಮದುವೆಯಾಗಿ ಬಂದ ಸುಜು ರೇಷನ್ ಕಡಿಮೆಯಾದಾಗ ಬೇಲಿಯ ಸೊಪ್ಪು ಕಿತ್ತು ಅಡುಗೆ ಮಾಡುತ್ತಾಳೆ. ಅಕ್ಕಿಯನ್ನು ಉಬ್ಬಿಸಿ ಹೆಚ್ಚು ಕಾಣುವಂತೆ ಬೇಯಿಸುವ ವಿಧಾನವನ್ನು ಚಿತ್ರ ಪಾಕಶಾಸ್ತ್ರದಷ್ಟು ನಿಖರವಾಗಿ ತೋರಿಸುತ್ತದೆ. ಅಣುಬಾಂಬಿನಿಂದ ಅಳಿಸಿಹೋದ ಹಿರೋಶಿಮಾದ ಬೀದಿಗಳನ್ನು ಹಳೆಯ ಫೋಟೊಗಳಿಂದ, ಬದುಕುಳಿದವರ ನೆನಪಿನಿಂದ ಅಂಗಡಿ ಅಂಗಡಿಯಾಗಿ ಮತ್ತೆ ಕಟ್ಟಿದ್ದಾರೆ. ಬಂಡವಾಳಗಾರರು ಹಿಂಜರಿದಾಗ ಮೂರು ಸಾವಿರಕ್ಕೂ ಹೆಚ್ಚು ಜನಸಾಮಾನ್ಯರು ಇಂಟರ್‌ನೆಟ್ ಮೂಲಕ ಹಣ ಕೂಡಿಸಿ ಕೊಟ್ಟರು.

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿ 18 ಸಾವಿರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದ ಮೇಲೆ ಮಕೊತೊ ಶಿಂಕಾಯ್ (ಜನನ 1973) ಮಾಡಿದ ಚಿತ್ರಗಳು ಈ ಸಾಲಿನ ಹೊಸ ಕೊಂಡಿ. ಮೊದಮೊದಲು ಒಬ್ಬನೇ ಕಂಪ್ಯೂಟರಿನ ಮುಂದೆ ಕೂತು ಕಿರುಚಿತ್ರ ಮಾಡುತ್ತಿದ್ದವನು ಈತ. ರೈಲು, ವಿದ್ಯುತ್ ತಂತಿ, ಮೊಬೈಲಿಗೆ ಬಾರದ ಸಂದೇಶ ಇವು ಅವನ ಸಾಮಗ್ರಿ. 'ಯುವರ್ ನೇಮ್' (2016) ಮೈ ಅದಲುಬದಲಾದ ಹುಡುಗ ಹುಡುಗಿಯ ತಮಾಷೆಯಾಗಿ ಆರಂಭವಾಗಿ, ಊರೊಂದು ಇಲ್ಲವಾಗಿದೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. 'ಸುಜುಮೆ'ಯಲ್ಲಿ (2022) ಹುಡುಗಿ ಪಾಳುಬಿದ್ದ ಊರುಗಳ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದು ತನ್ನ ಬಾಲ್ಯದ ದಿನಚರಿ ಪುಸ್ತಕ ತೆರೆಯುತ್ತಾಳೆ. ಮಾರ್ಚ್ 11ರಿಂದಾಚೆ ಪುಟಗಳಿಗೆಲ್ಲ ಕಪ್ಪು ಬಳಿದಿದೆ. ಒಂದೇ ಒಂದು ಮಾತಿಲ್ಲದೆ ಸಾವಿರಾರು ಮಕ್ಕಳ ಅನುಭವ ಆ ಪುಟದಲ್ಲಿದೆ. ಶಿಂಕಾಯ್‌ನ ಹಾಡುಗಳ ಅಬ್ಬರ, ಆಕಾಶದ ಅತಿಬಣ್ಣ ಕೆಲವೊಮ್ಮೆ ಬಿಡುವನ್ನೇ ನುಂಗಿಬಿಡುತ್ತವೆ ಎಂಬ ದೂರನ್ನು ತಳ್ಳಿಹಾಕಲಾಗದು.

ಮಿಯಾಜಾಕಿಯಲ್ಲೂ ಒಂದು ಬಿಡಿಸಲಾಗದ ಗಂಟಿದೆ. ಯುದ್ಧವನ್ನು ದ್ವೇಷಿಸುವ ಆತನಿಗೆ ಯುದ್ಧವಿಮಾನವೆಂದರೆ ಪ್ರಾಣ. ಅವನ ಮನೆತನದ ಕಾರ್ಖಾನೆ ಯುದ್ಧಕಾಲದಲ್ಲಿ ಜೀರೊ ವಿಮಾನಗಳ ಬಿಡಿಭಾಗ ಮಾಡುತ್ತಿತ್ತು. ಆ ವಿಮಾನದ ವಿನ್ಯಾಸಕ ಜಿರೊ ಹೊರಿಕೊಶಿಯ ಬಗ್ಗೆ ಮಾಡಿದ 'ದ ವಿಂಡ್ ರೈಸಸ್' (2013) ಚಿತ್ರವನ್ನು ಜಪಾನಿನ ರಾಷ್ಟ್ರವಾದಿಗಳೂ ಬೈದರು, ಕೊರಿಯದವರೂ ಬೈದರು.

ಘಿಬ್ಲಿಯ ಆಚೆ

ಘಿಬ್ಲಿಯೇ ಜಪಾನಿ ಅನಿಮೇಷನ್ ಎಂದುಕೊಳ್ಳುವುದು ತಪ್ಪು. ಮಮೊರು ಒಶಿಯಿಯ 'ಘೋಸ್ಟ್ ಇನ್ ದ ಶೆಲ್' (1995) ಯಂತ್ರದ ಮೈಯೊಳಗೆ 'ನಾನು' ಎಂಬುದು ಎಲ್ಲಿದೆ ಎಂದು ಕೇಳಿತು. ಸತೊಶಿ ಕೊನ್ (1963-2010) ನಾಲ್ಕೇ ಚಿತ್ರಗಳಲ್ಲಿ ನೆನಪು, ಕನಸು, ಸಿನಿಮಾ ಇವುಗಳ ನಡುವಿನ ಗೋಡೆಯನ್ನು ಕೆಡವಿದ. 'ಮಿಲೇನಿಯಂ ಆಕ್ಟ್ರೆಸ್'ನಲ್ಲಿ (2001) ಮುದುಕಿಯಾದ ನಟಿ ತನ್ನ ಕಥೆ ಹೇಳುತ್ತಿದ್ದಂತೆ ಸಂದರ್ಶನಕ್ಕೆ ಬಂದವರೂ ಅವಳ ಹಳೆಯ ಚಿತ್ರಗಳೊಳಗೆ ಓಡತೊಡಗುತ್ತಾರೆ. ಮಮೊರು ಹೊಸೊದಾ ಕುಟುಂಬವನ್ನೇ ವಸ್ತುವಾಗಿಸಿಕೊಂಡವನು. 'ವುಲ್ಫ್ ಚಿಲ್ಡ್ರನ್' (2012) ಒಂಟಿ ತಾಯಿಯೊಬ್ಬಳ ಹದಿಮೂರು ವರ್ಷಗಳ ದುಡಿಮೆಯ ಕಥೆ. ಕ್ಯೋಟೊ ಅನಿಮೇಷನ್ ಸಂಸ್ಥೆಗೆ ನವೊಕೊ ಯಮಾದಾ ನಿರ್ದೇಶಿಸಿದ 'ಎ ಸೈಲೆಂಟ್ ವಾಯ್ಸ್' (2016) ಕಿವುಡ ಸಹಪಾಠಿಯನ್ನು ಕಾಡಿದ ಹುಡುಗನ ಪಶ್ಚಾತ್ತಾಪವನ್ನು ಸನ್ನೆಭಾಷೆಯ ಬೆರಳುಗಳಲ್ಲಿ ಹಿಡಿಯಿತು. ಈ ರಂಗದಲ್ಲಿ ಮಹಿಳಾ ನಿರ್ದೇಶಕರು ಇಂದಿಗೂ ವಿರಳ. ತೆರೆಯ ಮೇಲಿನ ಗಟ್ಟಿಗಿತ್ತಿಯರನ್ನು ನೋಡಿ ಆ ಮಾತು ಮರೆಯಬಾರದು. ಕ್ಯೋಟೊ ಅನಿಮೇಷನ್ ಸಂಸ್ಥೆಯ ಸ್ಟುಡಿಯೊಗೆ 2019ರ ಜುಲೈ 18ರಂದು ಒಬ್ಬ ಬೆಂಕಿ ಹಚ್ಚಿದಾಗ 36 ಜನ ಸತ್ತರು.

ಕೈಕೆಲಸ

ಚಿತ್ರ ಮೊದಲು 'ಎಕೊಂತೆ'ಯಲ್ಲಿ ಹುಟ್ಟುತ್ತದೆ: ದೃಶ್ಯ, ಮಾತು, ಸೆಕೆಂಡು ಎಲ್ಲವನ್ನೂ ಬರೆದ ಸ್ಟೋರಿಬೋರ್ಡ್. ಮಿಯಾಜಾಕಿ ಅದರ ಕೊನೆ ಬರೆಯುವ ಮುನ್ನವೇ ಉಳಿದವರು ಬಿಡಿಸತೊಡಗಿರುತ್ತಾರೆ. ಕಥೆ ಹೇಗೆ ಮುಗಿಯುತ್ತದೆಂದು ಸ್ಟುಡಿಯೊದಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಮುಖ್ಯ ಭಂಗಿಗಳ ಹಾಳೆ 'ಗೆಂಗಾ', ನಡುವಣ ಚಲನೆಯ ಹಾಳೆಗಳು 'ದೋಗಾ'. ಟೊಟೊರೊದ ಹಸಿರೆಲ್ಲ ಹಿನ್ನೆಲೆ ಕಲಾವಿದ ಕಝುವೊ ಓಗಾನ ಪೋಸ್ಟರ್ ಬಣ್ಣದ್ದು.

ಸ್ಪಿರಿಟೆಡ್ ಅವೇಯಲ್ಲಿ ಡ್ರ್ಯಾಗನ್ನಿನ ಬಾಯಿಗೆ ಚಿಹಿರೊ ಮದ್ದು ತುರುಕುವ ದೃಶ್ಯವಿದೆ. ನಾಯಿಗೆ ಗುಳಿಗೆ ನುಂಗಿಸುವ ಹಾಗೆ ಬಿಡಿಸಿ ಎಂದು ಮಿಯಾಜಾಕಿ ಹೇಳಿದ. ಕಿರಿಯ ಕಲಾವಿದರಲ್ಲಿ ಯಾರೂ ನಾಯಿಗೆ ಮದ್ದು ಕೊಟ್ಟವರಿರಲಿಲ್ಲ. ಕೊನೆಗೆ ಪಶುವೈದ್ಯರ ಹತ್ತಿರ ಹೋಗಿ, ನಾಯಿಯ ದವಡೆ ತೆರೆಯುವುದನ್ನು ನೋಡಿಕೊಂಡು ಬಂದು ಕೂತರು. 2025ರ ಮಾರ್ಚ್‌ನಲ್ಲಿ ಕೃತಕ ಬುದ್ಧಿಮತ್ತೆಯಿಂದ 'ಘಿಬ್ಲಿ ಶೈಲಿ'ಯ ಭಾವಚಿತ್ರ ಮಾಡಿಕೊಳ್ಳುವ ಹುಚ್ಚು ನಮ್ಮವರ ವಾಟ್ಸ್ಯಾಪ್ ಡಿಪಿಗಳವರೆಗೂ ಹಬ್ಬಿತ್ತು. ಆ ಚಿತ್ರಗಳಲ್ಲಿ ಬಣ್ಣವಿತ್ತು, ನಾಯಿಯ ದವಡೆ ಇರಲಿಲ್ಲ.

ಈ ಕೈಕೆಲಸದ ಬೆಲೆಯನ್ನು ತೆತ್ತವರು ಕೆಲಸಗಾರರೇ. ನಡುವಣ ಹಾಳೆ ಬಿಡಿಸುವವರಿಗೆ ಹಾಳೆಗಿಷ್ಟು ಎಂಬ ಲೆಕ್ಕದ ಸಂಬಳ. ರಾತ್ರಿ ಹಗಲು ದುಡಿದರೂ ಟೋಕಿಯೊದಲ್ಲಿ ಬಾಡಿಗೆ ಕಟ್ಟುವುದು ಕಷ್ಟ. 'ವಿಸ್ಪರ್ ಆಫ್ ದ ಹಾರ್ಟ್' (1995) ನಿರ್ದೇಶಿಸಿ, ಘಿಬ್ಲಿಯ ಉತ್ತರಾಧಿಕಾರಿ ಎನಿಸಿಕೊಂಡಿದ್ದ ಯೊಶಿಫುಮಿ ಕೊಂದೊ 1998ರಲ್ಲಿ 47ನೆಯ ವಯಸ್ಸಿಗೆ ತೀರಿಕೊಂಡ. ದುಡಿಮೆಯ ಭಾರವೇ ಕಾರಣವೆಂದು ಜೊತೆಗಾರರು ನಂಬಿದ್ದರು.

ಹೊರಜಗತ್ತು ಮತ್ತು ಭಾರತ

ನೌಸಿಕಾವನ್ನು 1985ರಲ್ಲಿ ಅಮೆರಿಕದವರು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕತ್ತರಿಸಿ ಬೇರೆ ಹೆಸರಿನಲ್ಲಿ ಬಿಟ್ಟರು. ಅದರಿಂದ ಪಾಠ ಕಲಿತ ಘಿಬ್ಲಿ, ಮೊನೊನೊಕೆ ಅಮೆರಿಕಕ್ಕೆ ಹೋಗುವಾಗ ವಿತರಕನಿಗೆ 'ಕತ್ತರಿ ಹಾಕುವಂತಿಲ್ಲ' ಎಂಬ ಸಂದೇಶದೊಡನೆ ಸಮುರಾಯಿ ಕತ್ತಿಯನ್ನೇ ಕಳಿಸಿತು. ಸ್ಪಿರಿಟೆಡ್ ಅವೇ 2002ರಲ್ಲಿ ಬರ್ಲಿನ್ ಉತ್ಸವದ ಚಿನ್ನದ ಕರಡಿ ಪಡೆಯಿತು, ಮರುವರ್ಷ ಆಸ್ಕರ್. ಇರಾಕಿನ ಮೇಲೆ ಬಾಂಬು ಹಾಕುತ್ತಿದ್ದ ದೇಶಕ್ಕೆ ಹೋಗಲು ಮನಸ್ಸಾಗಲಿಲ್ಲವೆಂದು ಮಿಯಾಜಾಕಿ ಪ್ರಶಸ್ತಿಗೆ ಹೋಗಲಿಲ್ಲ. ಜಪಾನಿನಲ್ಲಿ 30 ಶತಕೋಟಿ ಯೆನ್ ಮೀರಿದ ಅದರ ಗಳಿಕೆಯನ್ನು 2020ರ 'ಡೀಮನ್ ಸ್ಲೇಯರ್' ಚಿತ್ರ ಹಿಂದಿಕ್ಕಿತು. ಮಿಯಾಜಾಕಿಯ 'ದ ಬಾಯ್ ಆ್ಯಂಡ್ ದ ಹೆರನ್' 2023ರಲ್ಲಿ ಟ್ರೇಲರ್ ಇಲ್ಲದೆ, ಒಂದೇ ಪೋಸ್ಟರಿನೊಡನೆ ಜಪಾನಿನಲ್ಲಿ ತೆರೆಕಂಡು ಮರುವರ್ಷ ಇನ್ನೊಂದು ಆಸ್ಕರ್ ತಂದಿತು.

ಭಾರತದ ನಂಟು ಹಳೆಯದು. ಜಪಾನಿನ ಯುಗೊ ಸಾಕೊ ಮತ್ತು ನಮ್ಮ ಅನಿಮೇಷನ್ ಪಿತಾಮಹ ರಾಮಮೋಹನ್ ಕೂಡಿ ಮಾಡಿದ 'ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ' 1993ರಲ್ಲಿ ದೆಹಲಿಯ ಚಲನಚಿತ್ರೋತ್ಸವದಲ್ಲಿ ತೆರೆಕಂಡಿತು. ವಿದೇಶಿಯೊಬ್ಬ ರಾಮನನ್ನು ಕಾರ್ಟೂನು ಮಾಡುವುದೇ ಎಂಬ ಆಕ್ಷೇಪ ತಯಾರಿಯ ಹಂತದಲ್ಲೇ ಎದ್ದಿತ್ತು. ಅದೇ ವರ್ಷಗಳಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಮೋಗ್ಲಿಯ ಧಾರಾವಾಹಿ ಜಪಾನಿನದು ಎಂಬುದು ಭಾನುವಾರ ಬೆಳಿಗ್ಗೆ ಟಿ.ವಿ. ಮುಂದೆ ಕೂತ ನಮ್ಮ ಮಕ್ಕಳಿಗೆ ಗೊತ್ತಿರಲಿಲ್ಲ. ಶಿಂಕಾಯ್‌ನ 'ವೆದರಿಂಗ್ ವಿತ್ ಯೂ' 2019ರಲ್ಲಿ ಭಾರತದ ಥಿಯೇಟರುಗಳಿಗೆ ಬಂದದ್ದು ಅಭಿಮಾನಿಗಳ ಸಹಿ ಸಂಗ್ರಹದಿಂದ. 2025ರಲ್ಲಿ ಸಾಕೊನ ರಾಮಾಯಣ ಹಿಂದಿ, ತಮಿಳು, ತೆಲುಗು ಮಾತುಗಳೊಡನೆ ಮರುಬಿಡುಗಡೆಯಾಯಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

ಹೊಸದಾಗಿ ನೋಡುವವರು ಟೊಟೊರೊದಿಂದ ಆರಂಭಿಸಬಹುದು; ಭಾಷೆ ಬಾರದ ಮಕ್ಕಳೂ ಕೂತು ನೋಡುತ್ತಾರೆ. ಜಪಾನಿ ಧ್ವನಿಯನ್ನೇ ಇಟ್ಟುಕೊಳ್ಳಿ. ಅದರ ಜೋಡಿಚಿತ್ರವನ್ನು ಮಾತ್ರ ಅದೇ ಸಂಜೆ ನೋಡಬೇಡಿ. 1988ರ ಪ್ರೇಕ್ಷಕರಿಗೆ ಆ ಆಯ್ಕೆ ಇರಲಿಲ್ಲ.